ಬೂಷ್ಟು ಹಿಡಿದ ಗೋಡೆ: ಬಣ್ಣಕ್ಕೆ ಮೊದಲು ನೀರಿನ ದಾರಿ ಹುಡುಕಿ

ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಎಂದ ಕೂಡಲೇ ಜನರಿಗೆ ನೆನಪಾಗುವುದು ಶಿಂಷಾ ನದಿಯ ಅಣೆಕಟ್ಟು ಮತ್ತು ಅದರ ಸೈಫನ್‌ಗಳು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ರೂಪುಗೊಂಡ ಈ ಜಲಾಶಯದಲ್ಲಿ ನೀರು ಗೊತ್ತಾದ ಮಟ್ಟ ಮೀರಿದರೆ ಸೈಫನ್ ತಾನಾಗಿ ಅದನ್ನು ಸೆಳೆದು ಹೊರಗೆ ಚೆಲ್ಲುತ್ತದೆ. ಮಟ್ಟ ಇಳಿದು ಗಾಳಿ ಒಳಹೊಕ್ಕರೆ ತಾನಾಗಿ ನಿಲ್ಲುತ್ತದೆ. ದಾರಿಯೊಂದು ಸಿಕ್ಕರೆ ನೀರು ಯಾರ ಅಪ್ಪಣೆಗೂ ಕಾಯುವುದಿಲ್ಲ ಎಂಬುದನ್ನು ಈ ಕಟ್ಟೆಯ ಆಸುಪಾಸಿನವರಿಗೆ ಬೇರೆ ಹೇಳಬೇಕಿಲ್ಲ.

ಮನೆಯ ಗೋಡೆಯಲ್ಲೂ ನಡೆಯುವುದು ಇದೇ. ಹಸ್ತ, ಚಿತ್ತೆ ಮಳೆ ಮುಗಿಯುವ ಹೊತ್ತಿಗೆ ಕೋಣೆಯ ಮೂಲೆಯಲ್ಲಿ ಕಪ್ಪು ಚುಕ್ಕೆಗಳು ಮೂಡುತ್ತವೆ, ಬೀರುವಿನ ಹಿಂದೆ ಮುಗ್ಗುಲು ವಾಸನೆ ಏಳುತ್ತದೆ, ಕಳೆದ ವರ್ಷ ಬಳಿದ ಬಣ್ಣ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಹಬ್ಬ ಹತ್ತಿರ ಬಂತೆಂದು ಅದರ ಮೇಲೇ ಮತ್ತೊಂದು ಕೋಟು ಹೊಡೆಸುವ ಮನೆಗಳೇ ಹೆಚ್ಚು. ಮುಂದಿನ ಮಳೆಗೆ ಅದೇ ಜಾಗದಲ್ಲಿ ಅದೇ ಕಲೆ ಎದ್ದು ನಿಲ್ಲುತ್ತದೆ. ಬೂಷ್ಟನ್ನು ಬಣ್ಣದ ತೊಂದರೆ ಎಂದು ತಿಳಿದವರು ವರ್ಷವರ್ಷವೂ ಬಣ್ಣಕ್ಕೆ ಹಣ ಸುರಿಯುತ್ತಾರೆ. ಅದು ನೀರಿನ ತೊಂದರೆ ಎಂದು ತಿಳಿದವರಿಗೆ ಆ ಖರ್ಚು ಉಳಿಯುತ್ತದೆ.

ಬೂಷ್ಟು ಎಂದರೆ ಏನು?

ಬೂಷ್ಟು ಒಂದು ಶಿಲೀಂಧ್ರ. ಹಳಸಿದ ರೊಟ್ಟಿಯ ಮೇಲೆ, ಚೆನ್ನಾಗಿ ಒಣಗದ ಕೊಬ್ಬರಿಯ ಮೇಲೆ ಕಾಣುವುದೂ ಇದೇ ಕುಲದ್ದು. ಮನೆಯ ಗೋಡೆಗಳಲ್ಲಿ ಸಾಮಾನ್ಯವಾಗಿ ಬೆಳೆಯುವುದು ಆಸ್ಪರ್ಜಿಲಸ್, ಪೆನಿಸಿಲಿಯಂ, ಕ್ಲಾಡೋಸ್ಪೋರಿಯಂ ಎಂಬ ಜಾತಿಗಳು. ಇವುಗಳ ಬೀಜಕಣಗಳು ಗಾಳಿಯಲ್ಲಿ ಎಲ್ಲ ಕಾಲಕ್ಕೂ ತೇಲುತ್ತಿರುತ್ತವೆ. ಎಷ್ಟೇ ಶುಚಿಯಾದ ಮನೆಯಾದರೂ ಅವು ಒಳಗೆ ಬಾರದಂತೆ ತಡೆಯಲು ಆಗುವುದಿಲ್ಲ.

ಬೀಜಕಣ ಮೊಳೆಯಲು ಆಹಾರ ಬೇಕು, ಹದವಾದ ಉಷ್ಣತೆ ಬೇಕು, ತೇವ ಬೇಕು. ಗೋಡೆಯ ಮೇಲಿನ ಧೂಳು, ಅಡುಗೆ ಎಣ್ಣೆಯ ಜಿಡ್ಡು, ನೀರಿನ ಬಣ್ಣದಲ್ಲಿರುವ ಅಂಟುಪದಾರ್ಥಗಳೇ ಅದಕ್ಕೆ ಆಹಾರ. ನಮ್ಮ ಸೀಮೆಯ ಹವೆಯಲ್ಲಿ ಉಷ್ಣತೆ ವರ್ಷವಿಡೀ ಅದಕ್ಕೆ ಹಿತವೇ. ನಮ್ಮ ಕೈಯಲ್ಲಿ ಉಳಿಯುವುದು ತೇವ ಒಂದೇ. ಗೋಡೆಯ ಮೈಗೆ ತಾಗಿದ ಗಾಳಿಯ ತೇವಾಂಶ ಶೇ. 80ರ ಆಸುಪಾಸಿನಲ್ಲಿ ಕೆಲವು ದಿನ ನಿಂತರೆ ಬೂಷ್ಟು ಬೆಳೆಯತೊಡಗುತ್ತದೆ. ನೆನೆದ ವಸ್ತುವನ್ನು 24ರಿಂದ 48 ಗಂಟೆಯೊಳಗೆ ಒಣಗಿಸಿದರೆ ಬಹುತೇಕ ಬೂಷ್ಟು ಕಟ್ಟುವುದೇ ಇಲ್ಲ.

ಕಲೆಯ ಗುರುತು ಹಿಡಿಯುವುದು

ಗೋಡೆ ಕೆಟ್ಟಿತು ಎಂದರೆ ಎಲ್ಲವೂ ಬೂಷ್ಟಲ್ಲ. ಔಷಧಿ ಬೇರೆ ಬೇರೆಯಾದ್ದರಿಂದ ಮೊದಲು ಗುರುತು ಹಿಡಿಯಬೇಕು.

*ಬೂಷ್ಟು:* ಕಪ್ಪು, ಹಸಿರು ಅಥವಾ ಬೂದು ಚುಕ್ಕೆಗಳು ಗುಂಪಾಗಿ ಹರಡಿರುತ್ತವೆ. ಮುಗ್ಗುಲು ವಾಸನೆ ಇರುತ್ತದೆ. ಚುಕ್ಕೆಯ ಮೇಲೆ ಒಂದು ಹನಿ ಬ್ಲೀಚ್ ದ್ರವ ಇಟ್ಟರೆ ಕೆಲವೇ ನಿಮಿಷಗಳಲ್ಲಿ ಅದು ಬಿಳಿಚಿಕೊಳ್ಳುತ್ತದೆ.

*ಉಪ್ಪು:* ಗೋಡೆಯ ಬುಡದಲ್ಲಿ ಬಿಳಿ ಹೂವಿನಂತೆ, ಹತ್ತಿಯಂತೆ ಏಳುತ್ತದೆ. ಗೋಡೆ ಚೌಳು ಹಿಡಿದಿದೆ ಎನ್ನುವುದು ಇದನ್ನೇ. ಬೆರಳಿಗೆ ಹರಳುಹರಳಾಗಿ ಸಿಗುತ್ತದೆ, ನೀರಿಗೆ ಹಾಕಿದರೆ ಕರಗುತ್ತದೆ. ಬೂಷ್ಟು ಕರಗುವುದಿಲ್ಲ.

*ಮಸಿ:* ಸೌದೆ ಒಲೆ, ದೀಪ, ಊದುಬತ್ತಿಯ ಹೊಗೆ ಕಟ್ಟಿದ್ದು. ಇದಕ್ಕೆ ಬ್ಲೀಚ್ ತಾಗಿಸಿದರೂ ಬಣ್ಣ ಬದಲಾಗದು.

*ಪಾಚಿ:* ಬೆಳಕು ಬೀಳುವ ಹೊರಗೋಡೆಯಲ್ಲಿ ಹಸಿರಾಗಿ ಜಾರುವಂತೆ ಕಟ್ಟುತ್ತದೆ. ಹೊರಗೆ ಪಾಚಿ ಇದ್ದ ಜಾಗದ ಒಳಮೈಯಲ್ಲಿ ಬೂಷ್ಟು ಇದ್ದರೆ ನೀರು ಗೋಡೆಯನ್ನು ದಾಟಿ ಬರುತ್ತಿದೆ ಎಂದೇ ತಿಳಿಯಬೇಕು.

ನೀರು ಬರುವ ನಾಲ್ಕು ದಾರಿಗಳು

*ಒಂದು, ಬುಡದಿಂದ ಏರುವ ತೇವ.* ಇಟ್ಟಿಗೆ, ಮಣ್ಣು, ಗಾರೆ ಇವುಗಳಲ್ಲಿ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳಿವೆ. ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಗೋಡೆ ನೆಲದ ನೀರನ್ನು ಹೀರಿ ಮೇಲಕ್ಕೆ ಎಳೆಯುತ್ತದೆ. ಸಾಮಾನ್ಯವಾಗಿ ಇದು ನೆಲದಿಂದ ಮೂರು ಅಡಿಯವರೆಗೆ ಏರುತ್ತದೆ. ಸುಟ್ಟ ಇಟ್ಟಿಗೆ ತನ್ನ ತೂಕದ ಶೇ. 20ರಷ್ಟು ನೀರು ಹೀರಬಹುದು ಎಂದು ಭಾರತೀಯ ಮಾನಕವೇ ಒಪ್ಪಿಕೊಂಡಿದೆ. ಮೂರು ಕಿಲೋ ಇಟ್ಟಿಗೆಯೊಂದರಲ್ಲಿ ಅರ್ಧ ಲೀಟರಿಗೂ ಮಿಕ್ಕಿ ನೀರು ಅಡಗಬಹುದು ಎಂದಾಯಿತು. ತಳಪಾಯದ ಮೇಲೆ ತೇವತಡೆ ಪದರ, ಅಂದರೆ ಡಿಪಿಸಿ, ಹಾಕದ ಹಳೆಯ ಮನೆಗಳಲ್ಲಿ ಇದು ಸಾಮಾನ್ಯ. ಕಾಲುವೆ ಹರಿಯುವ ದಿನಗಳಲ್ಲಿ ಗದ್ದೆ ಬದಿಯ ನೆಲ ತುಂಬಿ ನಿಂತಾಗ ಹೀರಲು ನೀರು ಇನ್ನಷ್ಟು ಸಿಗುತ್ತದೆ.

ಹಳ್ಳಿಗಳಲ್ಲಿ ಇದಕ್ಕೆ ಇನ್ನೊಂದು ಕಾರಣವಿದೆ. ಪ್ರತಿ ಸಲ ಸಿಸಿ ರಸ್ತೆ ಹಾಕುವಾಗ ಬೀದಿ ಏರುತ್ತದೆ, ಹಳೆಯ ಮನೆಯ ಪಾಯ ತಗ್ಗಿಗೆ ಬೀಳುತ್ತದೆ. ಸುತ್ತಲಿನ ನೆಲಕ್ಕಿಂತ ಪಾಯ ಕನಿಷ್ಠ 45 ಸೆಂಟಿಮೀಟರ್ ಎತ್ತರ ಇರಬೇಕು ಎಂಬುದು ಕಟ್ಟಡ ಸಂಹಿತೆಯ ನಿಯಮ. ಬೀದಿ ಅಷ್ಟು ಏರಿದ ಮೇಲೆ ಚರಂಡಿಯ ನೀರು ಗೋಡೆಗೇ ತಾಗಿಕೊಂಡು ಹರಿಯುತ್ತದೆ.

*ಎರಡು, ಮೇಲಿನಿಂದ ಮತ್ತು ಹೊರಗಿನಿಂದ ಇಳಿಯುವ ನೀರು.* ತಾರಸಿಯ ಬಿರುಕು, ಪ್ಯಾರಾಪೆಟ್ ಗೋಡೆಯ ಬುಡ, ಸಜ್ಜಾ ಗೋಡೆಗೆ ಸೇರುವ ಗೆರೆ, ಕಿಟಕಿಯ ಚೌಕಟ್ಟಿನ ಸುತ್ತ, ಒಡೆದ ಹೆಂಚು ಇವೆಲ್ಲ ಮಳೆನೀರಿನ ಬಾಗಿಲುಗಳು. ಮಳೆ ಬಂದ ಒಂದೆರಡು ದಿನದಲ್ಲಿ ಕಲೆ ಕಂಡು, ಬಿಸಿಲು ಬಂದ ಮೇಲೆ ಮಂಕಾದರೆ ಅನುಮಾನ ಇಲ್ಲಿಗೇ ಬರಬೇಕು. ತಾರಸಿಯ ನೀರಿಳಿಯುವ ಪೈಪಿನ ಬಾಯಿಗೆ ತೆಂಗಿನ ಗರಿಯ ಚೂರು, ಎಲೆ ಕಟ್ಟಿಕೊಂಡು ನೀರು ನಿಂತಿರುವುದೂ ಉಂಟು. ತೆಂಗಿನ ಮರಗಳ ನಡುವಿನ ಮನೆಗಳವರು ಮೊದಲು ನೋಡಬೇಕಾದ ಜಾಗ ಅದು.

*ಮೂರು, ಪೈಪಿನ ಸೋರಿಕೆ.* ಬಚ್ಚಲು ಮನೆ ಮತ್ತು ಶೌಚಾಲಯದ ಹಿಂಬದಿ ಗೋಡೆಯಲ್ಲಿ ಮಳೆಗಾಲ, ಬೇಸಿಗೆ ಎನ್ನದೆ ಒಂದೇ ಸಮನೆ ಇರುವ ಕಲೆ ಸೋರುವ ಪೈಪನ್ನೋ ಟೈಲ್ಸ್ ಸಂದನ್ನೋ ತೋರಿಸುತ್ತದೆ. ರಾತ್ರಿ ಎಲ್ಲ ನಲ್ಲಿಗಳನ್ನೂ ಬಿಗಿಯಾಗಿ ನಿಲ್ಲಿಸಿ, ಟ್ಯಾಂಕಿಗೆ ನೀರು ಬಿಡದೆ ಮಟ್ಟ ಗುರುತು ಹಾಕಿ ಬೆಳಿಗ್ಗೆ ನೋಡಿದರೆ ನಲ್ಲಿ ಪೈಪಿನ ಸೋರಿಕೆ ಸಿಕ್ಕಿಬೀಳುತ್ತದೆ.

*ನಾಲ್ಕು, ಮನೆಯೊಳಗಿನ ಹಬೆ.* ಇದನ್ನು ಹೆಚ್ಚಿನವರು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 25 ಡಿಗ್ರಿ ಉಷ್ಣತೆಯ ಕೋಣೆಯಲ್ಲಿ ತೇವಾಂಶ ಶೇ. 80 ಇದ್ದರೆ, ಸುಮಾರು 21 ಡಿಗ್ರಿಗೆ ತಣ್ಣಗಾದ ಗೋಡೆಯ ಮೈಮೇಲೆ ಹಬೆ ನೀರಾಗಿ ಕೂರುತ್ತದೆ. ಕಾರ್ತಿಕ, ಮಾರ್ಗಶಿರದ ಬೆಳಗಿನಲ್ಲಿ ಬಿಸಿಲು ಕಾಣದ ಉತ್ತರದ ಗೋಡೆ ಅಷ್ಟು ತಣ್ಣಗಿರುವುದು ಸಹಜ. ಹಬೆ ಬರುವುದು ಅನ್ನದ ಪಾತ್ರೆಯಿಂದ, ಬಿಸಿನೀರಿನ ಸ್ನಾನದಿಂದ, ಒಳಗೆ ಒಣಹಾಕಿದ ಬಟ್ಟೆಯಿಂದ, ನಮ್ಮ ಉಸಿರಿನಿಂದ. ಒಲೆಯ ಉರಿಯಿಂದಲೂ ಬರುತ್ತದೆ. ಅಡುಗೆ ಅನಿಲ ಉರಿದಾಗ ಅದರ ತೂಕದ ಒಂದೂವರೆ ಪಟ್ಟಿಗೂ ಹೆಚ್ಚು ನೀರಾವಿ ಹುಟ್ಟುತ್ತದೆ. 14.2 ಕಿಲೋದ ಒಂದು ಸಿಲಿಂಡರ್ ಮುಗಿಯುವಷ್ಟರಲ್ಲಿ ಸುಮಾರು 22 ಲೀಟರ್ ನೀರು ಆವಿಯಾಗಿ ಅಡುಗೆಮನೆಗೆ ಸೇರಿರುತ್ತದೆ. ಹೊರಹೋಗಲು ಕಿಂಡಿಯಿಲ್ಲದಿದ್ದರೆ ಅದು ಕೂರುವುದು ಗೋಡೆಯ ಮೇಲೆಯೇ.

ಮೂಲ ಹೊರಗಿನದೋ ಒಳಗಿನದೋ ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಇಟ್ಟು ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪು ಅಂಟಿಸಿ ಒಂದೆರಡು ದಿನ ಬಿಡಿ. ಹಾಳೆಯ ಹಿಂಬದಿ ನೀರು ಕಟ್ಟಿದರೆ ತೇವ ಗೋಡೆಯೊಳಗಿಂದ ಬರುತ್ತಿದೆ. ಮುಂಬದಿ ಬೆವರಿದರೆ ಅದು ಕೋಣೆಯ ಹಬೆ.

ಸುಣ್ಣ ಬಳಿಯುತ್ತಿದ್ದ ಕಾಲದ ತಿಳಿವಳಿಕೆ

ಮಣ್ಣಿನ ಗೋಡೆ, ಹೆಂಚಿನ ಮಾಡು ಇದ್ದ ಮನೆಗಳಲ್ಲೂ ತೇವ ಇತ್ತು. ಆದರೆ ಅದು ಒಳಗೆ ಸಿಕ್ಕಿಕೊಳ್ಳುತ್ತಿರಲಿಲ್ಲ. ಹೆಂಚುಗಳ ಸಂದಿನಿಂದ ಹೊಗೆಯೂ ಹಬೆಯೂ ಹೊರಟುಹೋಗುತ್ತಿತ್ತು. ಗೋಡೆ ರಾತ್ರಿ ಹೀರಿದ ತೇವವನ್ನು ಹಗಲಿನ ಬಿಸಿಲಿಗೆ ಬಿಡುತ್ತಿತ್ತು.

ವರ್ಷಕ್ಕೊಮ್ಮೆ ಬಳಿಯುತ್ತಿದ್ದ ಸುಣ್ಣ ಆ ಗೋಡೆಗೆ ರಕ್ಷೆಯೂ ಆಗಿತ್ತು. ಹೊಸದಾಗಿ ಬಳಿದ ಸುಣ್ಣ ತೀರ ಕ್ಷಾರ, ಅದರ ಪಿಎಚ್ 12ನ್ನು ದಾಟುತ್ತದೆ. ಅಂಥ ಮೈಮೇಲೆ ಬೂಷ್ಟು ಬೇರೂರಲಾರದು. ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರುತ್ತಾ ಸುಣ್ಣ ಮೆಲ್ಲಗೆ ಕಲ್ಲಾಗುತ್ತದೆ, ಅದರ ಖಾರ ಇಳಿಯುತ್ತದೆ. ಯುಗಾದಿಗೆ ಮತ್ತೆ ಸುಣ್ಣ ಬಳಿಯುವ ರೂಢಿ ಆ ಖಾರವನ್ನು ವರ್ಷವರ್ಷವೂ ಮರಳಿ ತರುತ್ತಿತ್ತು.

ಸರ್ಕಾರಿ ಕಾಮಗಾರಿಗಳ ಲೆಕ್ಕದಲ್ಲಿ ಒಂದು ಕಿಲೋ ಸುಟ್ಟ ಸುಣ್ಣಕ್ಕೆ ಸುಮಾರು 5 ಲೀಟರ್ ನೀರು. ಅರಳಿಸಿ ಒಂದು ದಿನ ಬಿಟ್ಟು, ಒರಟು ಬಟ್ಟೆಯಲ್ಲಿ ಸೋಸಿ, ಅಂಟು ಕರಗಿಸಿ ಸೇರಿಸಬೇಕು. ಬಿಳುಪಿಗೆ ಕಿಲೋ ಸುಣ್ಣಕ್ಕೆ 3 ಗ್ರಾಂ ಮೀರದಂತೆ ನೀಲಿ. ಮಣ್ಣಿನ ಗೋಡೆ ಅಥವಾ ಹಳೆಯ ಗಾರೆಯ ಗೋಡೆ ಇರುವ ಮನೆಗೆ ಇಂದಿಗೂ ಇದಕ್ಕಿಂತ ಒಳ್ಳೆಯ ಬಣ್ಣವಿಲ್ಲ. ಆ ಗೋಡೆಗೆ ಎನಾಮಲ್ ಅಥವಾ ಆಯಿಲ್ ಪೇಂಟ್ ಬಳಿದರೆ ಅದರ ಉಸಿರು ಕಟ್ಟುತ್ತದೆ. ತೇವ ಒಳಗೇ ನಿಂತು ಬಣ್ಣವನ್ನು ಬೊಬ್ಬೆಯಂತೆ ಎಬ್ಬಿಸುತ್ತದೆ.

ಗುಬ್ಬಿ ಸೀಮೆಯ ಅಡಿಕೆ ಬೆಳೆಗಾರರಿಗೆ ಸುಣ್ಣ ಮತ್ತು ಮೈಲುತುತ್ತದ ಜೋಡಿ ಚೆನ್ನಾಗಿ ಗೊತ್ತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣದ ದಾರಿ ತೋರಿಸಿದರು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂಬುದು ಇಂದಿಗೂ ತೋಟದ ಲೆಕ್ಕ. ಆದರೆ ತೋಟದ ಔಷಧಿಯನ್ನು ಮಲಗುವ ಕೋಣೆಗೆ ತರಬಾರದು. ಮೈಲುತುತ್ತ ಮೈಗೆ, ಹೊಟ್ಟೆಗೆ ವಿಷ, ಗೋಡೆಗೂ ಹಸಿರು-ನೀಲಿ ಕಲೆ ಬಿಡುತ್ತದೆ.

ಆರೋಗ್ಯದ ಮಾತು

ತೇವ ಮತ್ತು ಬೂಷ್ಟು ಇರುವ ಮನೆಗಳಲ್ಲಿ ಕೆಮ್ಮು, ಉಬ್ಬಸ, ಅಲರ್ಜಿ ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಕೂಸುಗಳು, ವಯಸ್ಸಾದವರು, ಆಸ್ತಮಾ ಇರುವವರಿಗೆ ಅಪಾಯ ಹೆಚ್ಚು. ಇಂಗ್ಲೆಂಡಿನ ರೋಚ್‌ಡೇಲ್ ಪಟ್ಟಣದಲ್ಲಿ 2020ರ ಡಿಸೆಂಬರಿನಲ್ಲಿ ಎರಡು ವರ್ಷದ ಮಗುವೊಂದು ತೀರಿಕೊಂಡಿತು. ಮನೆಯ ಬೂಷ್ಟಿನಿಂದಾದ ಉಸಿರಾಟದ ತೊಂದರೆಯೇ ಕಾರಣವೆಂದು 2022ರ ವಿಚಾರಣೆ ತೀರ್ಮಾನಿಸಿತು. ಬಾಡಿಗೆ ಕೊಟ್ಟ ಸಂಸ್ಥೆಗಳು ಗೊತ್ತಾದ ಅವಧಿಯೊಳಗೆ ತೇವ, ಬೂಷ್ಟನ್ನು ಸರಿಪಡಿಸಲೇಬೇಕೆಂಬ ಕಾನೂನಿಗೆ ಆ ದೇಶದಲ್ಲಿ 2023ರಲ್ಲಿ ದಾರಿಯಾಯಿತು. ಅಂದ ಕೆಡುತ್ತದೆ ಎಂಬುದಕ್ಕಿಂತ ದೊಡ್ಡ ಕಾರಣ ಈ ಕೆಲಸಕ್ಕಿದೆ. ತೊಟ್ಟಿಲು ಕಟ್ಟಿರುವ ಕೋಣೆಯ ಗೋಡೆ ಎಲ್ಲಕ್ಕಿಂತ ಮೊದಲು ಒಣಗಿರಬೇಕು.

ಬೂಷ್ಟು ತೆಗೆಯುವ ಕ್ರಮ

ನೀರಿನ ದಾರಿ ಮುಚ್ಚಿದ ಮೇಲೆಯೇ ಗೋಡೆಗೆ ಕೈ ಹಾಕಬೇಕು. ಮೂರಡಿ ಉದ್ದ, ಮೂರಡಿ ಅಗಲದಷ್ಟು ಜಾಗವಾದರೆ ಮನೆಯವರೇ ಮಾಡಬಹುದು. ಅದಕ್ಕಿಂತ ಹೆಚ್ಚಿದ್ದರೆ ಅನುಭವಸ್ಥರನ್ನು ಕರೆಯುವುದು ಒಳಿತು.

1. ಮಕ್ಕಳನ್ನೂ ಉಬ್ಬಸ ಇರುವವರನ್ನೂ ಆ ಕೋಣೆಯಿಂದ ದೂರ ಇಡಿ. ಎನ್-95 ಮುಖಗವಸು, ರಬ್ಬರ್ ಕೈಗವಸು, ಕನ್ನಡಕ ಧರಿಸಿ. ಕಿಟಕಿ ತೆರೆದಿರಲಿ, ಒಳಬಾಗಿಲು ಮುಚ್ಚಿರಲಿ. ಫ್ಯಾನ್ ಹಾಕಬೇಡಿ, ಬೀಜಕಣಗಳು ಮನೆಯೆಲ್ಲ ಹಾರುತ್ತವೆ.

2. ಒಣ ಬೂಷ್ಟನ್ನು ಪೊರಕೆಯಿಂದ ಗುಡಿಸಬಾರದು. ಮೊದಲು ನೀರು ಚಿಮುಕಿಸಿ ನೆನೆಸಿ. ಸಾಬೂನುಪುಡಿಯ ನೀರಿನಲ್ಲಿ ಬ್ರಷ್ ಅದ್ದಿ ಉಜ್ಜಿ, ಬಟ್ಟೆಯಿಂದ ಒರೆಸಿ ತೆಗೆಯಿರಿ. ಸತ್ತ ಬೂಷ್ಟು ಕೂಡ ಅಲರ್ಜಿ ತರುವುದರಿಂದ ಕೊಲ್ಲುವುದಷ್ಟೇ ಸಾಲದು, ತೆಗೆಯಲೇಬೇಕು.

3. ಕಲೆ ಇನ್ನೂ ಉಳಿದರೆ ಒಂದು ಪಾಲು ಬ್ಲೀಚ್ ದ್ರವಕ್ಕೆ 16 ಪಾಲು ನೀರು ಬೆರೆಸಿ ಬಳಿದು, ಹತ್ತು-ಹದಿನೈದು ನಿಮಿಷ ಬಿಟ್ಟು ತೊಳೆಯಿರಿ. ಬ್ಲೀಚಿಗೆ ಶೌಚಾಲಯ ತೊಳೆಯುವ ಆಸಿಡ್ ಆಗಲಿ, ಅಮೋನಿಯಾ ಇರುವ ದ್ರವವಾಗಲಿ ಎಂದೂ ಬೆರೆಸಬೇಡಿ. ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಅದು ಪ್ರಾಣಕ್ಕೇ ಸಂಚಕಾರ.

4. ಹಕ್ಕಳೆ ಎದ್ದ ಬಣ್ಣ, ಮೆತ್ತಗಾದ ಪುಟ್ಟಿಯನ್ನು ಪಟ್ಟಿ ಬ್ಲೇಡಿನಿಂದ ಕೆರೆದು ತೆಗೆಯಿರಿ. ಬೆರಳ ಗೆಣ್ಣಿನಿಂದ ತಟ್ಟಿದಾಗ ಟೊಳ್ಳು ಸದ್ದು ಬರುವ ಪ್ಲಾಸ್ಟರನ್ನು ಇಟ್ಟಿಗೆ ಕಾಣುವವರೆಗೆ, ಕಲೆಯ ಅಂಚಿನಿಂದ ಒಂದಡಿ ಆಚೆಯವರೆಗೂ ಬಿಡಿಸಬೇಕು.

5. ಚೌಳು ಎದ್ದಿದ್ದರೆ ನೀರು ಹಾಕದೆ ಒಣ ಬ್ರಷ್‌ನಿಂದ ಕೆರೆದು ಹೊರಗೆ ಚೆಲ್ಲಿ. ನೀರು ಹಾಕಿದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಕ್ಕೆ ಹೋಗುತ್ತದೆ.

ಹಳೆಯ ಬಣ್ಣವನ್ನು ಉಜ್ಜುವಾಗ ಇನ್ನೊಂದು ಎಚ್ಚರಿಕೆ ಬೇಕು. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಎನಾಮಲ್ ಬಣ್ಣಗಳಲ್ಲಿ ಸೀಸ ಇರಬಹುದು. ಅಂಥ ಮೈಯನ್ನು ಒಣಗಿರುವಾಗ ಉಜ್ಜಬಾರದು. ನೀರು ತಾಗಿಸಿ ಉಜ್ಜಿ, ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು.

ಒಣಗಲು ಕೊಡಬೇಕಾದ ಸಮಯ

ಹೆಚ್ಚಿನ ಮನೆಗಳಲ್ಲಿ ಕೆಲಸ ಕೆಡುವುದು ಇಲ್ಲಿಯೇ. ಕೆರೆದ ಮರುದಿನವೇ ಪುಟ್ಟಿ, ಅದರ ಮರುದಿನ ಬಣ್ಣ. ಪೂರ್ತಿ ನೆನೆದ ಇಟ್ಟಿಗೆ ಗೋಡೆ ಒಣಗಲು ಅಂಗುಲಕ್ಕೆ ಒಂದು ತಿಂಗಳು ಎಂಬುದು ಕಟ್ಟಡ ಕೆಲಸದ ಹಳೆಯ ಲೆಕ್ಕ. ನಮ್ಮ ಬೇಸಿಗೆಯ ಬಿಸಿಲಿನಲ್ಲಿ, ಎರಡೂ ಬದಿಗೆ ಗಾಳಿ ಆಡಿದರೆ ಇದಕ್ಕಿಂತ ಬೇಗ ಆಗುತ್ತದೆ. ಆದರೂ ವಾರದ ಮಾತಲ್ಲ.

ತುಮಕೂರು ಜಿಲ್ಲೆಯವರಿಗೆ ಈ ತಾಳ್ಮೆ ಹೊಸದಲ್ಲ. ತಿಪಟೂರು ಕಡೆ ಉಂಡೆ ಕೊಬ್ಬರಿಗಾಗಿ ತೆಂಗಿನಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಗಾಳಿಗೆ ಬಿಡುತ್ತಾರೆ. ಒಳಗಿನ ನೀರು ಪೂರ್ತಿ ಇಂಗುವ ಮೊದಲೇ ಒಡೆದರೆ ಕೊಬ್ಬರಿ ಬೂಷ್ಟು ಹಿಡಿಯುತ್ತದೆಂದು ಪ್ರತಿ ಬೆಳೆಗಾರನಿಗೂ ಗೊತ್ತು. ಗೋಡೆಗೂ ಅಟ್ಟದ ನ್ಯಾಯವೇ ಸಲ್ಲುತ್ತದೆ. ಮೊದಲು ಹೇಳಿದ ಪ್ಲಾಸ್ಟಿಕ್ ಹಾಳೆಯನ್ನು ಮತ್ತೆ ಅಂಟಿಸಿ ನೋಡಿ. ಹಿಂಬದಿ ಒಣಗಿದ್ದರೆ ಮಾತ್ರ ಮುಂದಿನ ಕೆಲಸ. ಹೊಸದಾಗಿ ಮೆತ್ತಿದ ಸಿಮೆಂಟ್ ಪ್ಲಾಸ್ಟರಿಗೆ ನೀರುಣಿಸಿ, ಆಮೇಲೆ ಒಣಗಲು ಬಿಟ್ಟು, ಒಟ್ಟು ನಾಲ್ಕು ವಾರವಾದರೂ ಕಾಯಬೇಕು.

ಪುಟ್ಟಿ, ಪ್ರೈಮರ್, ಬಣ್ಣ

ಒಣಗಿದ ಮೈಯನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ, ಧೂಳು ಒರೆಸಿ, ಬೂಷ್ಟು ಇದ್ದ ಜಾಗಕ್ಕೆ ಬಣ್ಣದ ಅಂಗಡಿಯಲ್ಲಿ ಸಿಗುವ ಶಿಲೀಂಧ್ರನಾಶಕ ದ್ರವ ಬಳಿಯಿರಿ. ಡಬ್ಬಿಯ ಮೇಲೆ ಬರೆದಷ್ಟೇ ನೀರು ಬೆರೆಸಿ, ಅದು ಒಣಗುವವರೆಗೆ ಕಾಯಿರಿ.

ಪುಟ್ಟಿ ಇರುವುದು ಸಣ್ಣ ತಗ್ಗು ತುಂಬಿ ನಯ ಮಾಡಲು. ತೇವ ತಡೆಯುವ ಶಕ್ತಿ ಅದಕ್ಕಿಲ್ಲ. ಬಿಳಿ ಸಿಮೆಂಟಿನ ಪುಟ್ಟಿಯನ್ನು ಎರಡು ತೆಳು ಕೋಟಿನಲ್ಲಿ, ಒಟ್ಟು ಒಂದೂವರೆ ಮಿಲಿಮೀಟರ್ ದಾಟದಂತೆ ಎಳೆಯಬೇಕು. ಆಳದ ಗುಂಡಿಗೆ ಸಿಮೆಂಟ್ ಗಾರೆಯೇ ಸರಿ. ಬುಡದಿಂದ ತೇವ ಏರುವ ಗೋಡೆಯಲ್ಲಿ ಕೆಳಗಿನ ಮೂರಡಿಗೆ ಪುಟ್ಟಿಯನ್ನೇ ಬಿಡುವುದು ಕ್ಷೇಮ.

ಪ್ರೈಮರ್ ಹೀರುವಿಕೆಯನ್ನು ಸಮ ಮಾಡಿ ಬಣ್ಣವನ್ನು ಹಿಡಿದಿಡುತ್ತದೆ. ಅದರ ಮೇಲೆ ಎರಡು ಕೋಟು ಬಣ್ಣ, ಒಂದು ಒಣಗಿದ ಮೇಲೆ ಇನ್ನೊಂದು. ಬೂಷ್ಟು ತಡೆಯುವ ಎಮಲ್ಷನ್‌ಗಳಲ್ಲಿ ಶಿಲೀಂಧ್ರನಾಶಕ ಸೇರಿರುತ್ತದೆ. ಅಡುಗೆಮನೆ, ಬಚ್ಚಲಿನ ಮೇಲ್ಭಾಗಕ್ಕೆ ಅವು ಉಪಯುಕ್ತ. ಆದರೆ ಆ ಔಷಧಿ ಕಾಲಕ್ರಮೇಣ ಸವೆಯುತ್ತದೆ. ಸೋರುವ ಗೋಡೆಯ ಮೇಲೆ ಬಳಿದರೆ ಬೇಗನೇ ತೀರುತ್ತದೆ. ತೇವವಿರುವ ಗೋಡೆಗೆ ಒಳಬದಿಯಿಂದ ವಾಟರ್‌ಪ್ರೂಫ್ ಬಳಿಸುವುದೂ ಪೂರ್ತಿ ಪರಿಹಾರವಲ್ಲ. ಬುಡದಿಂದ ಏರುವ ನೀರು ಆ ಪದರದ ಹಿಂದೆ ಇನ್ನೂ ಮೇಲಕ್ಕೆ ಏರಿ ಬೇರೆಡೆ ಹೊರಬೀಳುತ್ತದೆ. ಹೊರಬದಿಯಲ್ಲಿ ಚರಂಡಿ ಸರಿಸಿ, ಗೋಡೆಗೆ ತಾಗಿದ ಮಣ್ಣು ತಗ್ಗಿಸಿ, ನೀರು ಮನೆಯಿಂದ ಆಚೆಗೆ ಹರಿಯುವಂತೆ ಇಳಿಜಾರು ಕೊಡುವುದೇ ಗಟ್ಟಿ ಕೆಲಸ.

ಯಾವ ತಿಂಗಳಲ್ಲಿ ಯಾವ ಕೆಲಸ?

ದಕ್ಷಿಣ ಒಳನಾಡಿನಲ್ಲಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಗೌರಿಹಬ್ಬ, ದಸರಾ ಎಂದು ನಾವು ಬಣ್ಣಕ್ಕೆ ಹೊರಡುವುದೂ ಅದೇ ಹೊತ್ತಿಗೆ. ಬೂಷ್ಟು ಇರುವ ಮನೆಗೆ ಅದು ಬಣ್ಣದ ಕಾಲವಲ್ಲ, ನೋಡಿ ತಿಳಿಯುವ ಕಾಲ. ಮಳೆ ಸುರಿಯುವಾಗ ಕಲೆ ಎಲ್ಲಿಂದ ಹೊರಟಿತು, ಎಷ್ಟು ಎತ್ತರಕ್ಕೆ ಬಂತು ಎಂದು ಪೆನ್ಸಿಲಿನಲ್ಲಿ ಗೆರೆ ಹಾಕಿ ದಿನಾಂಕ ಬರೆದಿಡಿ. ಮೇಸ್ತ್ರಿಗೆ ಅದಕ್ಕಿಂತ ಒಳ್ಳೆಯ ನಕ್ಷೆ ಬೇರೆ ಇಲ್ಲ.

ನವೆಂಬರಿನಿಂದ ಜನವರಿಯೊಳಗೆ ತಾರಸಿ, ಪೈಪು, ಚರಂಡಿ, ಪಾಯದ ಸುತ್ತಲ ಕೆಲಸ ಮುಗಿಯಲಿ. ಕೆರೆಯುವುದು, ಪ್ಲಾಸ್ಟರ್ ಬಿಡಿಸುವುದು ಸಂಕ್ರಾಂತಿಯ ಆಸುಪಾಸಿಗೆ ಆಗಲಿ. ಫೆಬ್ರವರಿ, ಮಾರ್ಚಿನ ಒಣಗಾಳಿ ಗೋಡೆಯ ನೀರನ್ನು ಹೀರಲಿ. ಯುಗಾದಿಗೆ, ಅದರ ಬೆನ್ನಿಗೇ ಬರುವ ಎಡೆಯೂರು ಸಿದ್ಧಲಿಂಗೇಶ್ವರರ ಜಾತ್ರೆಗೆ ನೆಂಟರು ಬರುವ ಹೊತ್ತಿಗೆ ಬಣ್ಣ ಬಳಿಯಬಹುದು. ಹಿರಿಯರು ಸುಣ್ಣ ಬಳಿಯುತ್ತಿದ್ದ ಕಾಲವೂ ಅದೇ.

ಬಣ್ಣದ ನಂತರ

ಬೀರು, ಮಂಚ, ರಾಗಿ ಮೂಟೆಗಳನ್ನು ಗೋಡೆಗೆ ಆನಿಸದೆ ನಾಲ್ಕು ಬೆರಳು ದೂರ ಇಡಿ. ಅಡುಗೆ ಮಾಡುವಾಗ ಕಿಟಕಿ ತೆರೆದಿರಲಿ, ಸಾಧ್ಯವಿದ್ದರೆ ಹೊರಗಾಳಿಗೆ ತಳ್ಳುವ ಫ್ಯಾನ್ ಹಾಕಿಸಿ. ಸ್ನಾನವಾದ ಮೇಲೆ ಬಚ್ಚಲಿನ ಒಳಬಾಗಿಲು ಮುಚ್ಚಿ, ಹೊರಕಿಂಡಿ ತೆರೆಯಿರಿ. ಮಳೆಗಾಲದಲ್ಲೂ ಬಿಸಿಲು ಕಂಡ ಮಧ್ಯಾಹ್ನ ಎದುರುಬದುರಿನ ಕಿಟಕಿಗಳನ್ನು ಒಂದಿಷ್ಟು ಹೊತ್ತು ತೆಗೆದಿಡಿ. ತಾರಸಿಯ ಪೈಪಿನ ಬಾಯಿಯನ್ನು ಮುಂಗಾರಿಗೆ ಮೊದಲೊಮ್ಮೆ, ಹಸ್ತ ಮಳೆಗೆ ಮೊದಲೊಮ್ಮೆ ಕೈಯಿಂದಲೇ ಶುಚಿ ಮಾಡಿ.

ಬಣ್ಣದವರು ಏಣಿ ಎತ್ತಿಕೊಂಡು ಹೋದ ದಿನ ಎಲ್ಲ ಗೋಡೆಯೂ ಚೆಂದವೇ. ಮಾಡಿದ ಕೆಲಸ ಸರಿಯೇ ಎಂದು ತಿಳಿಯುವುದು ಮುಂದಿನ ಸ್ವಾತಿ ಮಳೆ ಮುಗಿದ ಮೇಲೆ. ಅಂದು ಬೀರು ಸರಿಸಿ, ಕಳೆದ ವರ್ಷ ಪೆನ್ಸಿಲಿನ ಗೆರೆ ಇದ್ದ ಜಾಗಕ್ಕೆ ಅಂಗೈ ಇಟ್ಟು ನೋಡಿ. ಅಂಗೈಗೆ ತಣ್ಣನೆಯ ತೇವ ತಾಗದೆ ಗೋಡೆ ಒಣಗಿ ಬೆಚ್ಚಗಿದ್ದರೆ, ನೀರಿನ ದಾರಿ ನಿಮಗೆ ಸಿಕ್ಕಿತ್ತು.